ಗಂಗವ್ವ ಉಪ್ಪು ಬಿಟ್ಟ ಚಳಿಗಾಲ

ಹೋದ ವಾರ ನಮ್ಮ ವಾರ್ಡಿನಾಗ ಒಬ್ಬ ಅಜ್ಜ ಮಗನ ಮಂಚದ ಬಾಜು ಕೂತು, ಕೈಚೀಲದಾಗಿಂದ ಒಂದು ಬಾಟ್ಲಿ ತಗದ. ಬೂಚು ಬಿಚ್ಚಿದ್ದಷ್ಟ, ಫಿನಾಯಿಲ್ ವಾಸನಿ ಹಿಂದ ಸರದು ಒಂದು ಹಸಿ ಹುಳಿ ವಾಸನಿ ಮೂಗಿಗೆ ಬಡೀತು. ಇಂಜೆಕ್ಷನ್ ಟ್ರೇ ಹಿಡಕೊಂಡು ಹೊಂಟಿದ್ದ ನಾನು ಅಲ್ಲೇ ನಿಂತೆ. "ಅಜ್ಜಾ, ಕಡ್ಲಿ ಹುಳಿ ಹೌದಲ್ರಿ?" ಅಂದೆ. ಅಜ್ಜ ಗಡಬಡಿಸಿ ಬಾಟ್ಲಿ ಹೆಗಲ ಮ್ಯಾಲಿನ ಪಂಜಾದಾಗ ಮುಚ್ಚಿಕೊಂಡ. "ಮಗನ ಹೊಟ್ಟಿ ಉಬ್ಬರಿಸೇತ್ರಿ ಬಾಯಾರ, ಎರಡ ಹನಿ ಅಷ್ಟ..." ಅಂದ. ಸಿಸ್ಟರ್ ಬೈತಾಳ ಅಂತ ಪಾಪ ಅಂವಗ ಅಂಜಿಕಿ. ನಾ ಎಲ್ಲಿ ಬೈಲಿ? ಅಂಗೈ ಮುಂದ ಮಾಡಿ, "ಮೊದ್ಲ ನನಗ ಎರಡ ಹನಿ ಹಾಕ್ರಿ" ಅಂದೆ. ನೆಕ್ಕಿದ ಕೂಡ್ಲೆ ಹಲ್ಲು ಚಳಕ್ ಅಂದ್ವು. ಅವತ್ತು ಡ್ಯೂಟಿ ಮುಗಿಯೂತನಕಾ ನಾನು ಧಾರವಾಡದಾಗ ಇರಲಿಲ್ಲ. ಅಣ್ಣಿಗೇರಿ ಆಚೆ ಕರಿ ಎರಿ ಹೊಲದಾಗ, ಗಂಗವ್ವ ಕಾಕುನ ಬೆನ್ನ ಹಿಂದ ಇದ್ದೆ.

ಕಡ್ಲಿ ಹುಳಿ ಕಾಣದವ್ರಿಗೆ ಒಂದ್ಮಾತು ಹೇಳಬೇಕು. ಚಳಿಗಾಲದಾಗ ಕಡ್ಲಿ ಗಿಡದ ಎಲಿ ಹುಳಿ ಬಿಡತಾವು. ಹೊತ್ತು ಏರೂಕಿಂತ ಮೊದ್ಲ, ಇಬ್ಬನಿ ಇನ್ನೂ ಕೂತಿದ್ದಾಗ, ಒಗದ ಧೋತರದ ತುಂಡು ಗಿಡದ ಮ್ಯಾಲೆ ಹಗೂರಕ ಎಳಕೋತ ಹೋಗಬೇಕು. ಅರಿವಿ ತೊಯ್ದು ಭಾರ ಆದ ಮ್ಯಾಲೆ ಬೋಗಾಣಿಯೊಳಗ ಹಿಂಡಬೇಕು. ಅದನ್ನ ಬಾಟ್ಲಿಗೆ ಹಾಕಿ ಇಟ್ಟರ ವರ್ಷಗಟ್ಲೆ ಬಾಳತದ. ನಮ್ಮ ಕಡೆ ಹೊಟ್ಟಿ ನೂಸಿದ್ರ, ಹೊಟ್ಟಿ ಕಟ್ಟಿದ್ರ, ಎಲ್ಲಾದಕ್ಕೂ ಅದ ಔಷಧ. ಬರಿಗಾಲಲೆ ಹೊಲದಾಗ ಅಡ್ಡಾಡಿದ್ರ ಮಾತ್ರ ಅದ ಹುಳಿ ಹಿಮ್ಮಡದ ಬಿರುಕಿನ್ಯಾಗ ಹೊಕ್ಕು ಜೀವ ತಗೀತದ.

ಆ ಚಳಿಗಾಲ ನನ್ನ ನರ್ಸಿಂಗ್ ಓದು ಮುಗಿದು, ತಾಲೂಕಿಗೆ ಬರೋ ಮನೋರೋಗದ ತಂಡದಾಗ ಟೆಂಪರರಿ ನೌಕರಿ ಸಿಕ್ಕಿತ್ತು. ತಂಡ ಅಂದ್ರ ದೊಡ್ಡ ದಂಡೇನಲ್ಲ. ಒಬ್ಬ ಡಾಕ್ಟರು, ಕೌನ್ಸೆಲರ್ ರೇಖಾ ಮೇಡಂ, ನರ್ಸ್ ಅಂತ ನಾನು. ವಾರಕ್ಕೊಮ್ಮೆ ದವಾಖಾನ್ಯಾಗ ಪೇಷಂಟ್ ನೋಡೂದು, ಉಳಿದ ದಿನ ನಾನು ಬಸ್ಸು ಹತ್ತಿ ಹಳ್ಳಿ ಹಳ್ಳಿಗೆ ಹೋಗಿ, ಗುಳಿಗಿ ನುಂಗ್ಯಾರೋ ಇಲ್ಲೋ, ನಿದ್ದಿ ಬರತದೋ ಇಲ್ಲೋ ಅಂತ ಕೇಳಿ ಬರೂದು. ಮಾರ್ಚಿಗೆ ನನ್ನ ನೌಕರಿ ಮುಗೀತಿತ್ತು. ಅಷ್ಟರಾಗ ಮುಂದ ಏನು ಅಂತ ನಾ ತೀರ್ಮಾನ ಮಾಡಬೇಕಿತ್ತು. ಮನೋರೋಗದ ನರ್ಸಿಂಗ್ ಅಂತ ಒಂದು ವರ್ಷದ ಕೋರ್ಸ್ ಇತ್ತು, ಅದಕ್ಕ ಹೋಗಬೇಕು. ಇಲ್ಲಾ ಸಮಾಜಕಾರ್ಯದ ಎಂ.ಎ. ಮಾಡಿ ರೇಖಾ ಮೇಡಂ ಹಂಗ ಕೌನ್ಸೆಲರ್ ಆಗಬೇಕು. ಈ ಮಂದಿ ನಡುವನ ಕೆಲಸಾ ಮಾಡಬೇಕು ಅನ್ನೂದು ಖರೆ ಇತ್ತು. ಆದ್ರ ಯಾವ ಬಾಗಿಲಲೆ ಒಳಗ ಹೋಗ್ಲಿ ಅನ್ನೂದು ತಿಳೀಲಾರದ ತಲಿ ಕೆಟ್ಟು ಹೋಗಿತ್ತು.

ಖರೆ ಹೇಳಬೇಕಂದ್ರ ನನ್ನ ಕಣ್ಣು ರೇಖಾ ಮೇಡಂನ ಕುರ್ಚಿ ಮ್ಯಾಲೆ ಇತ್ತು. ಅವ್ರಿಗೆ ಒಂದು ಸಣ್ಣ ಖೋಲಿ, ಬಾಗಿಲಿಗೆ ಹಸಿರು ಪಡದಾ, ಒಳಗ ಎರಡು ಕುರ್ಚಿ. ಮುಖ ಗಂಟು ಹಾಕ್ಕೊಂಡು ಒಳಗ ಹೋದವ್ರು ಅತ್ತು, ಮೂಗು ಒರಸ್ಕೊಂಡು, ಹಗೂರಾಗಿ ಹೊರಗ ಬರತಿದ್ರು. ಹೊರಗ ನಾನು ನಿಂತಿರತಿದ್ದೆ. ತೂಕಾ ಮಾಡು, ಬಿ.ಪಿ. ನೋಡು, ಇಂಜೆಕ್ಷನ್ ಚುಚ್ಚು, "ಏ ಸಿಸ್ಟರ್, ನಮ್ಮ ಪಾಳಿ ಎಂದ ಬರತದ?" ಅಂತ ಬೈಸ್ಕೋ. ಸಂಜಿಕ ಮನಿಗೆ ಬಂದ್ರ ಕಾಲು ಬಾತಿರತಿದ್ವು. ನಮ್ಮ ಅಪ್ಪ ಹೈಸ್ಕೂಲ್ ಮಾಸ್ತರ. ಬಿಸಿನೀರಿನ ಬಕೀಟಿನೊಳಗ ಕಾಲಿಟ್ಟುಕೊಂಡು ಕೂತ ನನ್ನ ನೋಡಿ, "ನೀಲಾ, ನಿಂತ ದುಡಿಯೂ ನೌಕರಿ ಮಾಡ್ಲಿ ಅಂತ ಓದ್ಸೇನೇನು ನಿನ್ನ? ಆ ಮೇಡಂ ಹಂಗ ಕೂತು ಮಾತಾಡೂ ಕೆಲಸಾ ಹಿಡಿ" ಅಂತಿದ್ರು. ನಮ್ಮ ದೊಡ್ಡವ್ವಗ ಅದಕ್ಕಿಂತ ದೊಡ್ಡ ಚಿಂತಿ. "ಹುಚ್ಚರ ನರ್ಸ್ ಅಂದ್ರ ಯಾರಬೇ ಕನ್ಯಾ ನೋಡಾಕ ಬರ್ತಾರ? ಕೌನ್ಸೆಲರ್ ಅಂದ್ರ ಅರ್ಧಾ ಮಂದಿಗೆ ತಿಳಿಯೂದ ಇಲ್ಲ, ಅದ ಚೊಲೋ" ಅಂತಿದ್ಲು. ನಗೂ ಬರತಿತ್ತು, ಸಿಟ್ಟೂ ಬರತಿತ್ತು.

ಗಂಗವ್ವ ಕಾಕು ನನ್ನ ಪೇಷಂಟ್. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗೋ ದಾರ್ಯಾಗ ಅವ್ರ ಊರು. ಉಂಡುಟ್ಟು ಸುಖವಾಗಿದ್ದ ಮನಿತನ, ಗಂಡ ಬಸಣ್ಣ ಕಾಕಾ ಮಾತು ಕಡಿಮಿ, ಬಾಳ ಸಮಾಧಾನದ ಮನಶ್ಯಾ. ಕಾಕುಗ ಹರೇದಾಗಿಂದ ಒಂದು ಬ್ಯಾನಿ ಇತ್ತು. ಒಂದೊಂದು ಸಲ ವಾರಗಟ್ಲೆ ನಿದ್ದಿ ಇಲ್ಲದ ಮಾತಾಡಾಕಿ, ಹಾಡಾಕಿ, ಮನ್ಯಾಗಿನ ಹಿತ್ತಾಳಿ ಸಾಮಾನೆಲ್ಲಾ ದಾರ್ಯಾಗ ಹೋಗವ್ರನ್ನ ಕರದು ಕರದು ಕೊಟ್ಟು ಬಿಡಾಕಿ. ಮುಂದ ಒಂದಿನ ಅಗದಿ ಸುಮ್ಮ ಆಗಿ, ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ರ ತಿಂಗಳಾನಗಟ್ಲೆ ಏಳಾಕಿ ಅಲ್ಲ. ಕಾಣದ ದೇವ್ರಿಲ್ಲ, ಕಟ್ಟದ ತಾಯತ ಇಲ್ಲ. ಕಡೀಕ ನಮ್ಮ ಡಾಕ್ಟರು ಲಿಥಿಯಂ ಅನ್ನೂ ಗುಳಿಗಿ ಶುರು ಮಾಡಿದ್ರು. ಹುಣಸಿಗಿಡಕ್ಕ ಹೂ ಬಿಟ್ಟಾಗ ಶುರು ಮಾಡಿದ್ದು, ಹಿಂಗಾರಿ ಬಿತ್ತಿಗಿ ಹೊತ್ತಿಗೆ ಕಾಕು ತಾನ ಕೂರಿಗಿ ಹಿಂದ ಹೋಗೂ ಹಂಗ ಆದ್ಲು. "ಗದ್ದಲಾ ಮಾಡಾಕೀನೂ ನಾ ಅಲ್ಲ, ಮಲಗಾಕೀನೂ ನಾ ಅಲ್ಲ. ನಾ ಯಾವಾಕಿ ಅಂತ ನನಗ ಗೊತ್ತಾಗಬೇಕಾದ್ರ ತಲಿ ಬೆಳ್ಳಗ ಆತು ನೋಡ" ಅಂತ ನಗತಿದ್ಲು.

ಆ ಗುಳಿಗೀದು ಒಂದು ತಕರಾರು ಅದ. ಊಟದಾಗಿನ ಉಪ್ಪು, ಕುಡಿಯೂ ನೀರು ಕಡಿಮಿ ಆದ್ರ ಮೈ ಅದನ್ನ ಹೊರಗ ಹೋಗಾಕ ಬಿಡೂದಿಲ್ಲ, ಒಳಗ ಹಿಡಕೊಂತದ. ಹಿಡಕೊಂಡು ಹಿಡಕೊಂಡು ಔಷಧನ ವಿಷ ಆಗತದ. ಇದನ್ನ ಡಾಕ್ಟರು ಹೇಳಿದ್ರು, ನಾನೂ ಹೋದಾಗೊಮ್ಮೆ ಹೇಳತಿದ್ದೆ. ಹೇಳಿ ಮುಗಿಸಿ, "ಕೈ ಮುಂದ ಚಾಚ್ರಿ ಕಾಕು" ಅಂತಿದ್ದೆ. ನಡುಗತಾವೇನು ಅಂತ ನೋಡೂದು. ಕಾಕು ಎರಡೂ ಕೈ ಚಾಚಿ, "ಬಳಿ ಇಡಸ್ತೀಯೇನಬೇ ತಂಗಿ?" ಅಂತ ಚಾಷ್ಟಿ ಮಾಡಾಕಿ.

ಹೊತ್ತೇರಿದ್ರ ಅವ್ರು ಮನ್ಯಾಗ ಸಿಗೂದಿಲ್ಲ ಅಂತ ನಾನು ಮೊದಲನೇ ಬಸ್ಸಿಗೆ ಹೋಗಿ ಸೀದಾ ಹೊಲಾ ಮುಟ್ಟತಿದ್ದೆ. ಬಸ್ಸಿಳಿದ ಕೂಡ್ಲೆ ಚಳಿ ಕಿವಿ ಹಿಡೀತಿತ್ತು. ಒಂದು ಬದಿ ಬಿಳಿಜೋಳ, ಇನ್ನೊಂದು ಬದಿ ಕಡ್ಲಿ, ನಡುವ ಕುಸುಬಿ ಸಾಲು. ಇಬ್ಬನಿಗೆ ತೊಯ್ದ ಎರಿ ಮಣ್ಣು ಚಪ್ಪಲಿಗೆ ಹತ್ತಿ ಹತ್ತಿ, ಹೊಲಾ ಮುಟ್ಟೂದ್ರಾಗ ನಾ ಒಂದು ಗೇಣು ಎತ್ತರ ಆಗಿರತಿದ್ದೆ. ಕಾಕು ಅರಿವಿ ಎಳಕೋತ ಮುಂದ, ನಾ ಬೋಗಾಣಿ ಹಿಡಕೊಂಡು ಹಿಂದ. ಅಲ್ಲೇ ನನ್ನ ವಿಚಾರಣೆ ನಡೀತಿತ್ತು. ನಿದ್ದಿ ಹೆಂಗದ, ಹಸಿವಿ ಹೆಂಗದ, ಮನಸಿಗೆ ಹೆಂಗನಸ್ತದ. ಆಕಿ ಬಗ್ಗಿ ಗಿಡಾ ನೋಡಕೋತ ಉತ್ತರಾ ಕೊಡತಿದ್ಲು. ಮುಖಕ್ಕ ಮುಖಾ ಕೊಟ್ಟು ಕೂತಿದ್ರ ಹೇಳದ ಮಾತು ಕಡ್ಲಿ ಸಾಲಿನ್ಯಾಗ ತಾವ ಹೊರಗ ಬರತಿದ್ವು.

ಒಂದಿನ ಅರಿವಿ ಹಿಂಡಕೋತ ಆಕೀನ ನನ್ನ ವಿಚಾರಣೆ ಮಾಡಿದ್ಲು. "ಅಲ್ಲಬೇ, ಆ ಮೇಡಂ ಕೂತಿರ್ತಾರ, ನೀ ಯಾಕ ಯಾವಾಗ್ಲೂ ನಿಂತಿರ್ತಿ?"

"ಅವ್ರು ಕೌನ್ಸೆಲರ್ ಕಾಕು. ನಾ ನರ್ಸ್. ನರ್ಸ್ ಕೂಡ್ರೂ ಹಂಗಿಲ್ಲ."

"ನೀ ಕಡಿಮಿ ಓದೀಯೇನ?"

"ಬ್ಯಾರೆ ಓದೇನಿ ಅಷ್ಟ."

ನಮ್ಮ ವಯಸ್ಸಿನ ಗೆಳತ್ಯಾರಿಗೆ ಹೇಳದ್ದೆಲ್ಲಾ ಆಕಿಗೆ ಹೇಳಿದೆ. ಎರಡು ದಾರಿ ಅದಾವು, ಕೌನ್ಸೆಲರ್ ಓದಿಗೆ ಸೀಟು ಸಿಗೂದು ಕಷ್ಟ, ಸಿಕ್ಕರ ಅಪ್ಪಗ ಖುಷಿ, ನನಗ ಮಾತ್ರ ಗೊಂದಲ. ಕಾಕು ಅರಿವಿ ಜಾಡಿಸಿ ಹೆಗಲಿಗೆ ಹಾಕ್ಕೊಂಡ್ಲು. "ಅಂದ್ರ ನಿನಗೊಂದು ಕುರ್ಚಿ ಬೇಕನ್ನು" ಅಂದ್ಲು. ನಾ ನಕ್ಕೆ. ಆಕಿ ನಗಲಿಲ್ಲ. ಆವಾಗ ನಾ ಅದನ್ನ ಲಕ್ಷ್ಯಕ್ಕ ತಗೊಳ್ಳಲಿಲ್ಲ.

ಎಳ್ಳ ಅಮಾಸಿ ಆಗಿ, ಸಂಕ್ರಾಂತಿ ಹತ್ರ ಬಂದಿತ್ತು. ಸೀಟಿನ ಅರ್ಜಿ ಹಾಕಿ ಮುಗಿದಿತ್ತು, ಎರಡಕ್ಕೂ ಹಾಕಿದ್ದೆ. ನಡುವ ಜ್ವರಾ ಬಂದು ಮಲಗಿದ್ದಕ್ಕ ಕಾಕುನ ಊರಿಗೆ ಹೋಗೂದು ತಪ್ಪಿತ್ತು. ಮತ್ತ ಹೋದ ದಿನ ಅರಿವಿ ಹಿಡಕೊಂಡು ಬಗ್ಗಿದ ಕಾಕುನ್ನ ದೂರಿಂದ ನೋಡಿದೆ. ಏನೋ ಬ್ಯಾರೆ ಅನಸ್ತು. ಸಾಲಿನ್ಯಾಗ ಕಾಲು ನೆಟ್ಟಗ ಬೀಳವಲ್ದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲತಿದ್ಲು. ಹತ್ರ ಹೋದ್ರ ಬೋಗಾಣಿ ಮ್ಯಾಲೆ ಅರಿವಿ ಹಿಂಡಾಕತ್ತಿದ್ಲು. ಅರ್ಧಾ ಹುಳಿ ಬೋಗಾಣ್ಯಾಗ, ಅರ್ಧಾ ಮಣ್ಣಾಗ. ಕೈ ಥರಥರ ನಡುಗಾಕತ್ತಿದ್ವು.

"ಏನಾಗೇತಿ ಕಾಕು?"

"ಏನಿಲ್ಲಬೇ, ಚಳಿ. ಹೊಟ್ಟಿ ಝಾಡಿಸಿ ನೀರ ನೀರ ಹೋಗಾಕತ್ತೈತಿ, ಎರಡ ದಿನಾ ಆತು. ಈ ಹುಳೀನ ಕುಡ್ಯಾಕತ್ತೇನಿ, ಕಡಿಮಿ ಆಗತೈತಿ." ನಾಲಿಗಿ ತಡವರಸ್ತಿತ್ತು.

ಅಷ್ಟರಾಗ ಬಸಣ್ಣ ಕಾಕಾ ಬಂದು ಬುತ್ತಿ ಬಿಚ್ಚಿದ್ರು. ರೊಟ್ಟಿ, ಬದನಿಕಾಯಿ ಪಲ್ಯಾ, ಕೆಂಪು ಖಾರ. ಅದರ ಬಾಜು ಒಂದು ಸಣ್ಣ ಡಬ್ಬಿ ಬ್ಯಾರೆ ಇತ್ತು. ನಾ ಅದರಾಗೂ ಪಲ್ಯಾ ಅದ ಅಂತ ಕೈ ಹಾಕಿದೆ. ಕಾಕು ಗಪ್ಪನ ಡಬ್ಬಿ ಎಳಕೊಂಡ್ಲು. "ಅದು ನಂದಬೇ" ಅಂದ್ಲು. ಬೆರಳಿಗೆ ಹತ್ತಿದಷ್ಟ ನೆಕ್ಕಿ ನೋಡಿದೆ. ಸಪ್ಪ. ಕಡ್ಲಿ ಹುಳಿ ಹಿಂಡಿದ್ರೂ ಒಳಗ ಒಂದು ಹಳ್ಳು ಉಪ್ಪಿಲ್ಲ.

"ಕಾಕಾ, ಕಾಕು ಉಪ್ಪು ಬಿಟ್ಟಾರೇನ್ರಿ?"

"ಏನೋ ಹರಕಿ ಹೊತ್ತಾಳವಾ," ಅಂದ್ರು ಕಾಕಾ. "ಕಾರಣಾ ಕೇಳಬ್ಯಾಡ್ರಿ, ಬಾಯಿಬಿಟ್ರ ಫಲಾ ಹೋಕ್ಕೈತಿ ಅಂದ್ಲು. ಅಮಾಸಿಯಿಂದ ಸಪ್ಪನ ಉಣ್ಣಾಕತ್ತಾಳ."

"ಕಾಕು, ಉಪ್ಪು ಬಿಡಬ್ಯಾಡ್ರಿ ಅಂತ ಎಷ್ಟು ಸಲ ಹೇಳೇನ್ರಿ!"

"ನೀ ಹೇಳಿದ್ದು ಮೈ ಉಪ್ಪು. ಇದು ದೇವರಿಗೆ ಬಿಟ್ಟ ಉಪ್ಪು. ದೇವರಿಗೆ ಬಿಟ್ಟದ್ದು ಮೈಗೇನು ಮಾಡತೈತಬೇ?" ಆಕಿ ಅಗದಿ ಸಮಾಧಾನದಲೆ ಹೇಳಿದ್ಲು. ಹೇಳಕೋತನ ಬದುವಿಗೆ ಒರಗಿ ಕಣ್ಣು ಮುಚ್ಚಿದ್ಲು.

ಅಲ್ಲಿಂದ ಮುಂದಿನದೆಲ್ಲಾ ಗಡಿಬಿಡಿ. ಡಾಕ್ಟರಿಗೆ ಫೋನ್ ಹಚ್ಚಿದೆ. ಗುಳಿಗಿ ಬಂದ್ ಮಾಡ್ರಿ, ತಡಾ ಮಾಡಬ್ಯಾಡ್ರಿ, ಸೀದಾ ಹುಬ್ಬಳ್ಳಿಗೆ ಒಯ್ಯಿರಿ ಅಂದ್ರು. ಊರವ್ರ ಒಂದು ಗಾಡಿ ಸಿಕ್ಕಿತು. ದಾರಿತುಂಬ ಕಾಕುನ ತಲಿ ನನ್ನ ತೊಡಿ ಮ್ಯಾಲೆ ಇತ್ತು. ಕೈ ನಡುಗೂದು ನಿಂತಿರಲಿಲ್ಲ. ನಾ ಆ ಕೈ ಹಿಡಕೊಂಡು ನಾಡಿ ನೋಡೂದು, ಹೆಸರು ಹಿಡದು ಕರಿಯೂದು, ಮತ್ತ ನಾಡಿ ನೋಡೂದು. "ಕಾಕು, ನಾ ಯಾರ್ರಿ ಹೇಳ್ರಿ?" ಅಂದ್ರ ಒಮ್ಮೆ "ನೀಲಾ" ಅಂದ್ಲು, ಇನ್ನೊಮ್ಮೆ "ನಮ್ಮವ್ವ" ಅಂದ್ಲು. ಮುಂದಿನ ಸೀಟಿನ್ಯಾಗ ಕಾಕಾ ತಲಿ ಪಟಗಾ ಬಿಚ್ಚಿ ಮುಖಾ ಮುಚ್ಕೊಂಡಿದ್ರು. ಆ ಹೊತ್ತಿನಷ್ಟು ಅಂಜಿಕಿ ನನಗ ಮುಂದ ಎಂದೂ ಆಗಿಲ್ಲ.

ದವಾಖಾನ್ಯಾಗ ರಕ್ತ ನೋಡಿ, ಔಷಧ ಮಿತಿ ಮೀರೇದ, ಇನ್ನೊಂದು ದಿನಾ ತಡಾ ಆಗಿದ್ರ ಕೈ ಮೀರತಿತ್ತು ಅಂದ್ರು. ಬಾಟ್ಲಿ ಹಚ್ಚಿದ್ರು. ಎರಡು ದಿನಾ ಆಕಿಗೆ ಲೋಕದ ಖಬರ ಇರಲಿಲ್ಲ. ಆಮ್ಯಾಲೆ ಒಂದು ಮಧ್ಯಾಹ್ನ ಕಣ್ಣು ಸ್ವಚ್ಛ ತಗದು, ತೂಗಬಿದ್ದ ಬಾಟ್ಲಿ ನೋಡಿ, "ಏನಬೇ ಅದು?" ಅಂದ್ಲು.

"ಸಲೈನ್ ಕಾಕು. ಉಪ್ಪಿನ ನೀರು."

"ಉಪ್ಪಿನ ನೀರಾ?" ಆಕಿ ಮುಖಾ ಸಣ್ಣದಾತು. "ಅಯ್ಯ ನನ್ನ ಶಿವನ! ಹರಕಿ ಮುರದ ಬಿಟ್ರೆಲ್ಲಬೇ!"

ನನಗ ತಡೀಲಾರದಷ್ಟು ಸಿಟ್ಟು ಬಂತು. "ಮುರೀಲಿ ಬಿಡ್ರಿ! ಜೀವಾ ಹೋಗತಿತ್ತು ನಿಮ್ಮದು. ಬ್ಯಾನಿ ಗುಳಿಗೀಲೆ ಕಡಿಮಿ ಆಗಿತ್ತು, ಮತ್ತ ಯಾತಕ್ಕ ಬೇಕಿತ್ತು ಆ ಹರಕಿ?"

"ನನ್ನ ಬ್ಯಾನಿಗೆ ಯಾರ ಹೊತ್ತಾರ?" ಆಕಿ ತಲಿ ಆ ಕಡೆ ಹೊಳ್ಳಿಸಿದ್ಲು. "ಮುರದ ಮ್ಯಾಲೆ ಹೇಳಿದ್ರೇನು. ನಿನಗ ಕುರ್ಚಿ ಸಿಗಲಿ ಅಂತ ಹೊತ್ತಿದ್ನಿ. ನನ್ನಂಥಾಕಿ ಬೆನ್ನ ಹತ್ತಿ ಹೊಲಾ ಹೊಲಾ ಅಡ್ಡಾಡತಿ, ನಿಂತ ನಿಂತ ನಿನ್ನ ಕಾಲು ಬಾಯ್ತಾವು. ಆ ಓದಿನ ಸೀಟು ನಿನಗ ಆಗೂತನಕಾ ಉಪ್ಪು ಮುಟ್ಟೂದಿಲ್ಲ ಅಂತ ಬೇಡ್ಕೊಂಡಿದ್ನಿ."

ಹೊರಗ ಪಡಸಾಲ್ಯಾಗ ಬಂದು ಕಂಬಕ್ಕ ಹಣಿ ಹಚ್ಚಿ ಜೋರಲೆ ಅತ್ತುಬಿಟ್ಟೆ. ನನ್ನ ಹಡದವ್ವನೂ ನನ್ನ ಸಲುವಾಗಿ ಅಷ್ಟು ಮಾಡಿದ್ದು ನನಗ ನೆನಪಿಲ್ಲ. ಬಾಳ ಪ್ರೀತಿ ಬಂತು, ಅದಕ್ಕಿಂತ ಬಾಳ ಅಂಜಿಕಿ ಬಂತು. ಈ ಕೆಲಸದಾಗ ನಾವು ಅವ್ರನ್ನ ನೋಡ್ಕೋತೀವಿ ಅಂತ ತಿಳಕೊಂಡಿರ್ತೀವಿ. ಅವ್ರೂ ನಮ್ಮನ್ನ ನೋಡ್ಕೊಳ್ಳಾಕತ್ತಿರ್ತಾರ ಅನ್ನೂದು ಯಾರೂ ನನಗ ಕಲಿಸಿರಲಿಲ್ಲ.

ಮರುದಿನ ರೇಖಾ ಮೇಡಂ ಬಂದ್ರು. ಎಲ್ಲಾ ಕೇಳಿ ನನ್ನ ಬಾಜು ಬೆಂಚಿನ ಮ್ಯಾಲೆ ಕೂತ್ರು. "ಮೇಡಂ, ನಾ ನರ್ಸಿಂಗಿಗೆ ಹೋಗ್ತೇನಿ," ಅಂದೆ.

"ಅಳೂ ಹೊತ್ತಿನ್ಯಾಗ ತೀರ್ಮಾನ ಬ್ಯಾಡ ನೀಲಾ," ಅಂದ್ರು ಅವ್ರು. "ಆಕಿ ಮಾಡಿದ್ದಕ್ಕ ಋಣ ತೀರ್ಸಾಕ ಹೋಗ್ತಿದ್ರ ಹೋಗಬ್ಯಾಡ. ನಾಳೆ ಆಕಿ ಇರೂದಿಲ್ಲ, ಕೆಲಸಾ ಮಾತ್ರ ಇರತದ. ನಿನಗ ಯಾವುದು ಬೇಕು, ಅಷ್ಟ ಹೇಳು."

ಆ ಪ್ರಶ್ನೆ ಅವ್ರು ಕೇಳಿದ್ದು ಚೊಲೋ ಆತು. ಒಂದು ವಾರ ಅದನ್ನ ತಲ್ಯಾಗ ಇಟ್ಕೊಂಡು ಅಡ್ಡಾಡಿದೆ. ಮೇಡಂ ಖೋಲ್ಯಾಗ ಕೂತು ಒಬ್ಬರ ಮನಸಿನ ಗಂಟು ಬಿಚ್ಚೂದು ಸಣ್ಣ ಕೆಲಸ ಅಲ್ಲ. ಅವ್ರು ಇಲ್ಲದಿದ್ರ ಎಷ್ಟೋ ಮಂದಿ ಗುಳಿಗಿ ಮುಟ್ಟತಾನ ಇರಲಿಲ್ಲ. ಆದ್ರ ನನಗ ಕೂತು ಕೇಳಿದ್ರ ಮನಸು ಅರ್ಧಾನ ತಿಳೀತದ. ಅರಿವಿ ಹಿಂಡೂ ಕೈ ನೋಡಬೇಕು, ಸಾಲಿನ್ಯಾಗ ಬೀಳೂ ಹೆಜ್ಜಿ ನೋಡಬೇಕು, ಉಣ್ಣೂ ಡಬ್ಬ್ಯಾಗ ಬೆರಳು ಅದ್ದಬೇಕು. ಅವಾಗ ನನಗ ಮನಶ್ಯಾ ಪೂರ್ತಿ ಕಾಣ್ತಾನ. ನನ್ನ ಸ್ವಭಾವನ ಹಂಗ. ಇಷ್ಟು ದಿನಾ ನಾ ಕುರ್ಚಿ ನೋಡಿ ಆಸಿ ಪಟ್ಟಿದ್ದು ಕಾಲು ಬಾತಿದ್ದಕ್ಕ, ಮಂದಿ ಮರ್ಯಾದಿ ಕೊಡ್ಲಿ ಅನ್ನೂದಕ್ಕ. ಕೆಲಸದ ಮ್ಯಾಲಿನ ಆಸಿ ಆಗಿರಲಿಲ್ಲ ಅದು.

ಅಪ್ಪಗ ಹೇಳಿದ್ದು ಸಂಕ್ರಾಂತಿ ದಿನ, ಹಬ್ಬದ ಸಿಹಿ ಮಾದೇಲಿ ಉಣ್ಣೂ ಮುಂದ. ಉಂಡು ಮುಗಿಸಿ ಕೈ ತೊಳಕೊಂಡ್ರು. "ಕಾಲು ಬಾತ್ರ ನನಗ ಹೇಳಬ್ಯಾಡ," ಅಂದ್ರು. ಆದ್ರ ಅವತ್ತಿನ ಸಂಜಿಕ ಬಿಸಿನೀರಿನ ಬಕೀಟು ತಾವ ತಂದು ನನ್ನ ಮುಂದ ಇಟ್ರು. ದೊಡ್ಡವ್ವ ಮಾತ್ರ ತಿಂಗಳೊಪ್ಪತ್ತು ಮುಖಾ ಉಬ್ಬಿಸ್ಕೊಂಡಿದ್ಲು.

ಎಲ್ಲಾರಿಗಿಂತ ಹೆಚ್ಚು ಸಿಟ್ಟಾದಾಕಿ ಗಂಗವ್ವ ಕಾಕು. ಗುಳಿಗಿ ಅಳತಿ ಕಡಿಮಿ ಮಾಡಿ ಊರಿಗೆ ಕಳಿಸಿದ್ರು, ಕಡ್ಲಿ ಕೀಳೂ ಹೊತ್ತಿಗೆ ಮತ್ತ ಹೊಲಕ್ಕ ಬಂದಿದ್ಲು. ಎರಡೂ ಸೀಟು ಸಿಕ್ಕಾವು, ನಾ ನರ್ಸಿಂಗ್ ಆರಿಸ್ಕೊಂಡೆ ಅಂದೆ. ಕೈಯಾಗಿನ ಕಡ್ಲಿ ಗಿಡಾ ನೆಲಕ್ಕ ಒಗದ್ಲು. "ದೇವ್ರು ಕೊಟ್ಟ ಕುರ್ಚಿ ಬ್ಯಾಡ ಅಂದಿ? ಇಷ್ಟು ದಿನಾ ನಾ ಸಪ್ಪನ ಉಂಡದ್ದು ದಂಡ ಆತಲ್ಲಬೇ!" ಅಂದ್ಲು. ನಾ ಆಕಿ ಕೈ ಹಿಡಕೊಂಡೆ. "ಕಾಕು, ಕುರ್ಚ್ಯಾಗ ಕೂತಿದ್ರ ನಿಮ್ಮ ಡಬ್ಬ್ಯಾಗ ಯಾರು ಕೈ ಹಾಕತಿದ್ರು?" ಆಕಿ ಬಾಳ ಹೊತ್ತು ನನ್ನ ಮುಖಾ ನೋಡಿದ್ಲು. ಆಮ್ಯಾಲೆ ಒಂದು ಮುಟಗಿ ಹಸಿ ಕಡ್ಲಿ ಸುಲಗಾಯಿ ಸುಲದು ನನ್ನ ಉಡಿಯೊಳಗ ಹಾಕಿದ್ಲು.

ಅದೆಲ್ಲಾ ಆಗಿ ವರ್ಷಗಳಾದ್ವು. ಆ ಅಜ್ಜನ ಹುಳಿ ನೆಕ್ಕಿದ್ದ ನೆವಾ ಆಗಿ, ಮೊನ್ನೆ ಐತವಾರ ಮೊದಲನೇ ಬಸ್ಸಿಗೆ ಹೋದೆ. ರಸ್ತೆ ಅಗಲ ಆಗೇದ, ಎರಿ ಮಣ್ಣು ಮಾತ್ರ ಮೊದಲಿನಂಗ ಚಪ್ಪಲಿಗೆ ಹತ್ತತದ. ಕಾಕು ಸಾಲಿನ್ಯಾಗ ಇದ್ಲು, ಬೆನ್ನು ಒಂದೀಟು ಬಗ್ಗೇದ. ನನ್ನ ನೋಡಿ ಅರಿವಿ ಹಿಂಡಿ ಬೋಗಾಣಿ ಬದುವಿಗಿಟ್ಲು. ನಾ ಬಾಯಿ ತಗಿಯೂಕಿಂತ ಮೊದ್ಲ ಎರಡೂ ಕೈ ಮುಂದ ಚಾಚಿದ್ಲು. ಬೆರಳಿಂದ ಹುಳಿ ಸೋರಾಕತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಬುತ್ತಿ ಗಂಟಿನ್ಯಾಗಿಂದ ಒಂದು ಹಳ್ಳು ಉಪ್ಪು ತಗದು ನನ್ನ ಕಣ್ಣೆದುರಿಗೇನ ನಾಲಿಗಿ ಮ್ಯಾಲೆ ಇಟ್ಕೊಂಡ್ಲು.

"ಎಲ್ಲಿ, ಈಗ ನಿನ್ನ ಕೈ ಚಾಚು," ಅಂದ್ಲು.

ಚಾಚಿದೆ. ಬಂದ ದಾರಿಯ ಚಳಿಗೋ, ಇಷ್ಟು ವರ್ಷದ ಮ್ಯಾಲೆ ಆಕಿ ಮುಖಾ ಕಂಡಿದ್ದಕ್ಕೋ, ನನ್ನ ಬೆರಳು ನಡುಗಾಕತ್ತಿದ್ವು. ಕಾಕು ಅವುಗಳನ್ನ ತನ್ನ ಹುಳಿಗೈಯಾಗ ಹಿಡಕೊಂಡು, ಕಣ್ಣು ಸಣ್ಣದು ಮಾಡಿ ನನ್ನ ನೋಡಿದ್ಲು.

"ಖರೆ ಹೇಳಬೇ ತಂಗಿ, ಯಾರ ಸಲುವಾಗಿ ಉಪ್ಪು ಬಿಟ್ಟೀ?"